ಮೊದಲ ಫಿಲಂ ಕ್ಯಾಮೆರಾ: ರಿಪೇರಿಯವರನ್ನು ಹುಡುಕಿ, ಆಮೇಲೆ ಬ್ರ್ಯಾಂಡ್

ಫಿಲಂ ಕ್ಯಾಮೆರಾ ಕೊಳ್ಳಬೇಕು, ಯಾವುದು ಒಳ್ಳೆಯದು, ಜೇಬಿಗೂ ಭಾರ ಆಗಬಾರದು ಎಂದು ಈಚೆಗೆ ತುಂಬ ಜನ ಕೇಳುತ್ತಿದ್ದೀರಿ. ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು. ಮೊಬೈಲಿನಲ್ಲಿ ಸಾವಿರಗಟ್ಟಲೆ ಫೋಟೋ ತೆಗೆದು ಒಂದನ್ನೂ ತಿರುಗಿ ನೋಡದ ಬೇಸರ ಬಹಳ ಮಂದಿಯ ಮಾತಿನಲ್ಲಿ ಕಂಡಿದೆ. ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ. ಉದ್ದವಾಗುತ್ತದೆ, ಬಿಡುವಿದ್ದಾಗ ಓದಿ.

ನನ್ನ ಉತ್ತರ ಕ್ಯಾಮೆರಾದ ಹೆಸರಿನಿಂದ ಶುರುವಾಗುವುದಿಲ್ಲ. ನಿಮ್ಮ ಊರಿನಲ್ಲಿ, ಇಲ್ಲದಿದ್ದರೆ ಒಂದು ರಾತ್ರಿ ಬಸ್ಸಿನ ದೂರದಲ್ಲಿ, ಹಳೇ ಕ್ಯಾಮೆರಾ ಬಿಚ್ಚಿ ಸರಿಮಾಡುವವರು ಯಾರಿದ್ದಾರೆ ಎಂದು ಮೊದಲು ವಿಚಾರಿಸಿ. ಅವರ ಕೈಗೆ ಯಾವ ಕ್ಯಾಮೆರಾ ಪಳಗಿದೆಯೋ ಅದನ್ನು ಕೊಳ್ಳಿ. ಹೀಗೆ ಹೇಳುವುದಕ್ಕೆ ಕಾರಣವಿದೆ. ನೀವು ಕೊಳ್ಳಲಿರುವ ಕ್ಯಾಮೆರಾಕ್ಕೆ ನಿಮಗಿಂತ ಹೆಚ್ಚು ವಯಸ್ಸಾಗಿರುತ್ತದೆ. ಹೊಸಬರಿಗೆಂದು ಎಲ್ಲರೂ ಹೇಳುವ ಪೆಂಟಾಕ್ಸ್ ಕೆ1000 ತಯಾರಿಕೆ ನಿಂತಿದ್ದೇ 1997ರಲ್ಲಿ. ಒಳಗಿನ ಗ್ರೀಸ್ ಒಣಗಿರುತ್ತದೆ, ಬಾಗಿಲಿನ ಅಂಚಿನ ಸ್ಪಂಜು ಕರಗಿ ಅಂಟಂಟಾಗಿರುತ್ತದೆ. ಎಷ್ಟೇ ಒಳ್ಳೆಯದನ್ನು ಆರಿಸಿದರೂ ಒಂದು ದಿನ ಅದು ರಿಪೇರಿಗೆ ಹೋಗಲೇಬೇಕು.

ಬೆಂಗಳೂರಿನಲ್ಲಿ ನಾನು ಹೋಗುವ ರಿಪೇರಿಯವರ ಮೇಜಿನ ಮೇಲೆ ಒಮ್ಮೆ ಎರಡು ಕ್ಯಾಮೆರಾ ಅಕ್ಕಪಕ್ಕ ಬಿಚ್ಚಿಕೊಂಡಿದ್ದವು. ಒಂದು ಯಾಷಿಕಾ ಎಫ್‌ಎಕ್ಸ್-3, ಇನ್ನೊಂದು ತೊಂಬತ್ತರ ದಶಕದ ಚಿಕ್ಕ ಆಟೋಫೋಕಸ್ ಕ್ಯಾಮೆರಾ. ಯಾಷಿಕಾ ತೋರಿಸಿ, "ಇದನ್ನ ಎಷ್ಟು ಸಲ ಬಿಚ್ಚಿದ್ರೂ ಜೋಡಿಸ್ಬೋದು ಸಾರ್" ಅಂದರು. ಇನ್ನೊಂದರ ಒಳಗಿನ ತೆಳು ಸರ್ಕ್ಯೂಟ್ ಪಟ್ಟಿ ಮುರಿದಿತ್ತು. "ಇದಕ್ಕೆ ಪಾರ್ಟ್ ಎಲ್ಲಿಂದ ತರ್ಲಿ ಹೇಳಿ" ಎಂದು ಚೀಲಕ್ಕೆ ಹಾಕಿಟ್ಟರು. ಆ ಚಿಕ್ಕ ಕ್ಯಾಮೆರಾಗಳ ಬೆಲೆ ಇಂದು ಇನ್‌ಸ್ಟಾಗ್ರಾಂ ದೆಸೆಯಿಂದ ಆಕಾಶಕ್ಕೇರಿದೆ. ಒಲಿಂಪಸ್ ಮ್ಯೂ-2 ಲೆನ್ಸ್ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಕೆಟ್ಟರೆ ಕೆಟ್ಟಿತು. ವಿದ್ಯಾರ್ಥಿಯೊಬ್ಬ ಕೂಡಿಟ್ಟ ದುಡ್ಡನ್ನು ಅದಕ್ಕೆ ಸುರಿಯುವುದು ನನಗೆ ಸರಿಕಾಣುವುದಿಲ್ಲ.

ಹಾಗಾಗಿ ಹೊಸಬರಿಗೆ ನಾನು ಹೇಳುವುದು ಪೂರ್ತಿ ಮೆಕ್ಯಾನಿಕಲ್ ಎಸ್‌ಎಲ್‌ಆರ್. ಎಸ್‌ಎಲ್‌ಆರ್ ಅಂದರೆ ಲೆನ್ಸಿನ ಮೂಲಕವೇ ನೋಡಿ ಫೋಟೋ ತೆಗೆಯುವ ಕ್ಯಾಮೆರಾ. ಮೆಕ್ಯಾನಿಕಲ್ ಆದರೆ ಶಟರ್, ಅಂದರೆ ಫಿಲಂ ಮುಂದಿನ ಪರದೆ, ಓಡುವುದು ಸ್ಪ್ರಿಂಗು, ಹಲ್ಲುಚಕ್ರಗಳ ಬಲದಿಂದ. ಬ್ಯಾಟರಿ ಬೇಕಾಗುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ. 1976ರಲ್ಲಿ ಎರಡು ಹೆಸರಾಂತ ಕ್ಯಾಮೆರಾಗಳು ಬಂದವು, ಪೆಂಟಾಕ್ಸ್ ಕೆ1000 ಮತ್ತು ಕ್ಯಾನನ್ ಎಇ-1. ಕ್ಯಾನನ್ ಒಳಗೆ ಮೈಕ್ರೊಪ್ರೊಸೆಸರ್ ಇತ್ತು, ಆ ಕಾಲಕ್ಕೆ ದೊಡ್ಡ ಸಾಧನೆ. ಆದರೆ ಅದರ ಆರು ವೋಲ್ಟಿನ ಬ್ಯಾಟರಿ ಮುಗಿದರೆ ಶಟರ್ ಬೀಳುವುದೇ ಇಲ್ಲ, ಆ ಬ್ಯಾಟರಿ ಎಲ್ಲ ಅಂಗಡಿಯಲ್ಲೂ ಸಿಗುವಂಥದ್ದಲ್ಲ. ಕೆ1000ಕ್ಕೆ ಸಾಲುವುದು ಯಾವ ವಾಚ್ ಅಂಗಡಿಯಲ್ಲಾದರೂ ಸಿಗುವ ಒಂದು ಬಟನ್ ಸೆಲ್. ಅದೂ ಮುಗಿದರೆ ಬೆಳಕನ್ನು ಅಂದಾಜು ಮಾಡಿ ಫೋಟೋ ತೆಗೆಯುತ್ತಲೇ ಇರಬಹುದು. ಒಂದು ಮಾತು ನೆನಪಿಡಿ: ಕೆ1000 ಮೀಟರಿಗೆ ಆಫ್ ಮಾಡುವ ಗುಂಡಿ ಇಲ್ಲ. ಬಳಸದಾಗ ಲೆನ್ಸಿಗೆ ಮುಚ್ಚಳ ಹಾಕಿಡಿ, ಇಲ್ಲದಿದ್ದರೆ ಸೆಲ್ ಬೇಗ ಖಾಲಿಯಾಗುತ್ತದೆ.

ಈ ಜಾತಿಯ ಕ್ಯಾಮೆರಾವನ್ನು ನಾನು ಇಷ್ಟಪಡುವುದಕ್ಕೆ ಇನ್ನೂ ಒಂದು ಕಾರಣವಿದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ರೋಲ್ ಹಾಕುವ ಮೊದಲು ಕೆ1000 ಹಿಂಬಾಗಿಲು ತೆರೆದು, ಲೆನ್ಸನ್ನು ಕಿಟಕಿಯ ಕಡೆ ಹಿಡಿದು, ಸ್ಪೀಡನ್ನು ಒಂದು ಸೆಕೆಂಡಿಗಿಟ್ಟು ಒತ್ತಿ. ಕಪ್ಪು ಬಟ್ಟೆಯ ಪರದೆ ಸರಿದು ಒಂದು ಸೆಕೆಂಡು ಬೆಳಕು ಕಾಣುತ್ತದೆ, ಆಮೇಲೆ ಎರಡನೇ ಪರದೆ ಬಂದು ಮುಚ್ಚುತ್ತದೆ. 1/60ಕ್ಕೆ ಇಟ್ಟರೆ ಕ್ಷಣಮಾತ್ರ ಇಡೀ ಚೌಕಟ್ಟು ತೆರೆದುಕೊಳ್ಳುತ್ತದೆ. 1/1000ದಲ್ಲಿ ಮೊದಲ ಪರದೆ ಪೂರ್ತಿ ಸರಿಯುವ ಮುನ್ನವೇ ಎರಡನೆಯದು ಅದರ ಬೆನ್ನು ಹಿಡಿದಿರುತ್ತದೆ, ನಡುವಿನ ಸಣ್ಣ ಸಂದು ಮಾತ್ರ ಫಿಲಂ ಮೇಲೆ ಹಾದುಹೋಗುತ್ತದೆ. ಫ್ಲ್ಯಾಶ್ ಯಾಕೆ 1/60ಕ್ಕಿಂತ ಮೇಲೆ ಕೆಲಸ ಮಾಡುವುದಿಲ್ಲ ಎನ್ನುವುದು ಯಾರೂ ಹೇಳದೆಯೇ ಅಲ್ಲಿ ತಿಳಿಯುತ್ತದೆ. ಈಗ ಸ್ಪೀಡನ್ನು 'ಬಿ'ಗೆ ಇಟ್ಟು, ಗುಂಡಿ ಒತ್ತಿ ಹಿಡಿದು, ಲೆನ್ಸಿನ ಅಪರ್ಚರ್ (ಬೆಳಕು ಬರುವ ತೂತು) ಉಂಗುರವನ್ನು ಎಫ್/2ರಲ್ಲಿಟ್ಟು ಒಮ್ಮೆ, ಎಫ್/16ರಲ್ಲಿಟ್ಟು ಒಮ್ಮೆ ಹಿಂದಿನಿಂದ ನೋಡಿ. ದೊಡ್ಡ ತೂತು, ಚಿಕ್ಕ ತೂತು. ಇಡೀ ಛಾಯಾಗ್ರಹಣದ ಮೂಲಪಾಠ ಕಣ್ಣಿಗೆ ಕಾಣುವಂತೆ ಅಲ್ಲಿದೆ. ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ, ಅಂದರೆ ವ್ಯೂಫೈಂಡರಿನಲ್ಲಿ, ಕಾಣುವುದು ಮೀಟರಿನ ಒಂದು ಸೂಜಿ ಮಾತ್ರ. ಅದು ನಡುವಿಗೆ ಬರುವವರೆಗೆ ಸ್ಪೀಡು, ಅಪರ್ಚರ್ ತಿರುಗಿಸಬೇಕು. ಕೈಯಿಂದ ಹೀಗೆ ಕಲಿತದ್ದು ಮರೆಯುವುದಿಲ್ಲ.

ಕೆ1000 ಹೆಸರು ಮಾಡಿದ್ದರಿಂದ ಬೆಲೆಯೂ ಏರಿದೆ. ಅದೇ ಕೆಲಸ ಮಾಡುವ ಬೇರೆ ಕ್ಯಾಮೆರಾಗಳಿವೆ, ಹೆಸರಿಗೆ ಜೋತುಬೀಳಬೇಡಿ. ರಿಕೋ ಕೆಆರ್-5ಕ್ಕೆ ಪೆಂಟಾಕ್ಸ್ ಲೆನ್ಸುಗಳೇ ಕೂರುತ್ತವೆ, ಅದನ್ನು ಕೇಳುವವರು ಕಡಿಮೆ. ಯಾಷಿಕಾ ಎಫ್‌ಎಕ್ಸ್-3 ಹಗುರ. ಅದರ ಮೈಮೇಲಿನ ಹೊದಿಕೆ ಸುಲಿದು ಹೋಗಿರುವುದು ಸಾಮಾನ್ಯ, ಅದಕ್ಕೆ ಹೆದರಬೇಕಿಲ್ಲ, ಹೊಸದು ಅಂಟಿಸಬಹುದು. ಹೊದಿಕೆ ಸುಲಿದಿದೆ ಎಂದು ಬೆಲೆ ಇಳಿಸಿದರೆ ನಿಮಗೇ ಲಾಭ. ಮಿನೋಲ್ಟಾ ಎಸ್‌ಆರ್‌ಟಿ 101 ಗಟ್ಟಿಮುಟ್ಟು, ಆದರೆ ಅದರ ಮೀಟರ್ ಪಾದರಸದ ಹಳೇ ಬ್ಯಾಟರಿಗೆ ಹೊಂದಿಸಿದ್ದು, ಆ ಬ್ಯಾಟರಿ ಈಗ ಬರುವುದಿಲ್ಲ. ನಮ್ಮಲ್ಲಿ ಬಹಳ ಕಾಲ ಛಾಯಾಗ್ರಹಣ ಕಲಿಯುವ ಮಕ್ಕಳ ಕೈಯಲ್ಲಿ ಓಡಾಡಿದ್ದು ನಿಕಾನ್ ಎಫ್‌ಎಂ10. ನಿಕಾನ್ ಹೆಸರಿನಲ್ಲಿ ಕೊಸಿನಾ ಕಂಪನಿ ಮಾಡಿಕೊಟ್ಟದ್ದು, ಹೊರಮೈ ಪ್ಲಾಸ್ಟಿಕ್ಕು ಎಂದು ಕೆಲವರು ಮೂಗು ಮುರಿಯುತ್ತಾರೆ. ಒಳಗೆ ಅಪ್ಪಟ ಮೆಕ್ಯಾನಿಕಲ್ ಶಟರ್ ಇದೆ, ನಿಕಾನಿನ 'ಎಐ' ಜಾತಿಯ ಹಳೇ ಮ್ಯಾನುಯಲ್ ಲೆನ್ಸುಗಳು ಕೂರುತ್ತವೆ, ನಮ್ಮ ರಿಪೇರಿಯವರಿಗೆ ಗೊತ್ತಿರುವ ಕ್ಯಾಮೆರಾ. ಇಲ್ಲಿ ಹೊಸಬರಿಗೆ ಕೆ1000ಕ್ಕಿಂತ ಇದೇ ವಾಸಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ರಷ್ಯಾದ ಜೆನಿಟ್ ಕೂಡ ಸಿಗುತ್ತದೆ, ಅದರ ಹೆಲಿಯೋಸ್ ಲೆನ್ಸ್ ಬಹಳ ಚಂದ, ಆದರೆ ವ್ಯೂಫೈಂಡರ್ ಮಬ್ಬು, ಹಳೇ ಮಾದರಿಗಳಲ್ಲಿ ಅಪರ್ಚರ್ ಪ್ರತಿಸಲ ಕೈಯಾರೆ ಮುಚ್ಚಬೇಕು. ಎರಡನೇ ಕ್ಯಾಮೆರಾ ಆಗಲಿ ಅದು.

ಯಾವುದನ್ನೇ ಕೊಂಡರೂ 50 ಎಂಎಂ ಲೆನ್ಸ್ ಒಂದೇ ಸಾಕು. ಎಫ್‌ಎಂ10 ಜೊತೆ ಬರುವ 35-70 ಜೂಮ್ ಬಿಸಿಲಿಗೆ ಸರಿ, ಸಂಜೆಯಾದರೆ ಅದಕ್ಕೆ ಬೆಳಕು ಸಾಲದು.

ಇದೆಲ್ಲಕ್ಕೂ ಮುಂಚೆ ಮನೆಯ ಅಟ್ಟ, ಬೀರು ಹುಡುಕಿ. ಎಂಬತ್ತು-ತೊಂಬತ್ತರ ದಶಕದಲ್ಲಿ ನಮ್ಮ ಎಷ್ಟೋ ಮದುವೆ, ನಾಮಕರಣ, ಧರ್ಮಸ್ಥಳದ ಪ್ರವಾಸಗಳ ಫೋಟೋ ತೆಗೆದದ್ದು ಯಾಷಿಕಾ ಎಂಎಫ್-2, ಕೊಡ್ಯಾಕ್ ಕೆಬಿ10ನಂಥ ಕ್ಯಾಮೆರಾಗಳು. ದೊಡ್ಡಪ್ಪನದೋ ಅತ್ತೆಯದೋ ಒಂದು ಎಲ್ಲಾದರೂ ಇದ್ದೇ ಇರುತ್ತದೆ. ಬ್ಯಾಟರಿ ಸೋರಿ ಹಸಿರು ಕಿಲುಬು ಹಿಡಿಯದಿದ್ದರೆ ಒಂದು ರೋಲ್ ಹಾಕಿ ನೋಡಿ, ಖರ್ಚಿಲ್ಲ. ಆಗ್ಫಾ ಕ್ಲಿಕ್-3 ಸಿಕ್ಕಿದರೆ ಜೋಪಾನ ಮಾಡಿ. ಬರೋಡಾದಲ್ಲಿ ತಯಾರಾದದ್ದು, ಮಾಮೂಲಿ ರೋಲಿಗಿಂತ ಅಗಲವಾದ 120 ರೋಲಿನಲ್ಲಿ ಹನ್ನೆರಡೇ ಚೌಕ ಫೋಟೋ. ಆದರೆ 120 ರೋಲ್ ತೊಳೆಯುವ ಲ್ಯಾಬುಗಳು ಕಡಿಮೆ, ಕಲಿಕೆಗೆ ಅದು ಬೇಡ.

ಆನ್‌ಲೈನಿನಲ್ಲಿ ಹೊಸದಾಗಿ ಸಿಗುವ ಬಣ್ಣಬಣ್ಣದ ಪ್ಲಾಸ್ಟಿಕ್ ಕ್ಯಾಮೆರಾ ಆಗಬಹುದೇ ಎಂದು ಅನೇಕರು ಕೇಳಿದ್ದೀರಿ. ಲೆಕ್ಕ ನೋಡಿ. ಕೊಡ್ಯಾಕ್ ಎಂ35ರಲ್ಲಿ ಅಪರ್ಚರ್ ಎಫ್/10, ಶಟರ್ 1/120, ಎರಡೂ ಬದಲಾಗುವುದಿಲ್ಲ. 200 ಎಎಸ್‌ಎ (ಫಿಲಂ ಬೆಳಕಿಗೆ ಎಷ್ಟು ಚುರುಕು ಎನ್ನುವ ಅಳತೆ) ರೋಲ್ ಹಾಕಿ ಮಧ್ಯಾಹ್ನದ ಬಿಸಿಲಲ್ಲಿ ಒತ್ತಿದರೆ ಬೇಕಾದ್ದಕ್ಕಿಂತ ಸುಮಾರು ನಾಲ್ಕು ಪಟ್ಟು ಬೆಳಕು ಬೀಳುತ್ತದೆ. ಕಲರ್ ನೆಗೆಟಿವ್ ಅಷ್ಟನ್ನು ತಡೆದುಕೊಳ್ಳುತ್ತದೆ, ಫೋಟೋ ಬರುತ್ತದೆ. ಜಗಲಿಯ ನೆರಳಿಗೆ ಬಂದರೆ ಬೇಕಾದ್ದರಲ್ಲಿ ಅರ್ಧ. ಮನೆಯೊಳಗೆ ಫ್ಲ್ಯಾಶ್ ಇಲ್ಲದೆ ಏನೂ ಇಲ್ಲ. ಫೋಟೋ ಕೆಟ್ಟರೆ ಯಾಕೆ ಕೆಟ್ಟಿತು ಎಂದು ಗೊತ್ತಾದರೂ ಮುಂದಿನ ಸಲ ಬದಲಿಸಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಗೆಳೆಯರ ಜೊತೆ ಒಂದು ದಿನದ ಸುತ್ತಾಟಕ್ಕೆ ಸರಿ. ಕಲಿಯಬೇಕು ಅನ್ನುವವರಿಗೆ ಬೇಡ. ಪೆಂಟಾಕ್ಸ್ 2024ರಲ್ಲಿ ತಂದ 'ಪೆಂಟಾಕ್ಸ್ 17' ಬೇರೆ ದರ್ಜೆಯದು, ಅರ್ಧ ಚೌಕಟ್ಟಿನ ಫೋಟೋ ತೆಗೆಯುವುದರಿಂದ 36ರ ರೋಲಿನಲ್ಲಿ 72 ಫೋಟೋ ಬರುತ್ತದೆ. ಆದರೆ ಬಂದಾಗ ಅಮೆರಿಕದ ಬೆಲೆಯೇ ಸುಮಾರು ಐನೂರು ಡಾಲರ್ ಇತ್ತು.

ಕೊಳ್ಳುವಾಗ ಏನು ನೋಡಬೇಕು? ಆಗಲೇ ಹೇಳಿದ ಹಿಂಬಾಗಿಲಿನ ಪರೀಕ್ಷೆಯೇ ಮುಖ್ಯ. ಒಂದು ಸೆಕೆಂಡ್ ಎರಡಾದರೆ ಗ್ರೀಸ್ ಒಣಗಿದೆ, ಸರ್ವೀಸ್ ಬೇಕು. ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಬಟ್ಟೆಯ ಪರದೆಯಾದರೆ ಟಾರ್ಚ್ ಹಿಡಿದು ಸೂಜಿತೂತು ಇದೆಯೇ ನೋಡಿ. ಲೆನ್ಸನ್ನು ಬಿಚ್ಚಿ ಅದರೊಳಗೂ ಟಾರ್ಚ್ ಬಿಡಿ, ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು, ಅಂಗಡಿಯವರು ಫಂಗಸ್ ಅನ್ನುತ್ತಾರೆ. ನಮ್ಮ ದಕ್ಷಿಣ ಕನ್ನಡ, ಉಡುಪಿ, ಮಲೆನಾಡಿನ ಮಳೆಗಾಲದಲ್ಲಿ ಲೆನ್ಸಿಗೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ. ಚರ್ಮದ ಚೀಲದಲ್ಲಂತೂ ಕ್ಯಾಮೆರಾ ಇಡಲೇಬೇಡಿ ಮಾರಾಯ್ರೆ, ಚರ್ಮ ತೇವ ಹೀರಿ ಹಿಡಿದಿಡುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್, ಅದು ಬಣ್ಣ ಬದಲಿಸಿದಾಗ ಬಿಸಿ ಮಾಡಿ ಮತ್ತೆ ಒಣಗಿಸುವುದು, ಇಷ್ಟೇ ಸಾಕು. ಕ್ಯಾಮೆರಾ ಆಗಾಗ ಹೊರಗೆ ತೆಗೆದು ಬಳಸುತ್ತಿದ್ದರೆ ಇನ್ನೂ ಒಳ್ಳೆಯದು.

ಇನ್ನು ದುಡ್ಡಿನ ಮಾತು. ಕ್ಯಾಮೆರಾ ಒಂದು ಸಲದ ಖರ್ಚು, ರೋಲ್ ಪ್ರತಿ ತಿಂಗಳ ಖರ್ಚು. ಕಲರ್ ರೋಲಿಗೆ ಈಗ ಸಾವಿರದ ಆಸುಪಾಸು, ತೊಳೆಸಿ ಸ್ಕ್ಯಾನ್ ಮಾಡಿಸಲು ಮತ್ತೆ ಕೆಲವು ನೂರು. ಎಲ್ಲ ಸೇರಿ ಒಂದೊಂದು ಫೋಟೋಗೂ ಸುಮಾರು ನಲವತ್ತು ರೂಪಾಯಿ ಬೀಳುತ್ತದೆ. ಹತ್ತು ಸಾವಿರ ಕೂಡಿಟ್ಟಿದ್ದರೆ ಅಷ್ಟನ್ನೂ ಕ್ಯಾಮೆರಾಕ್ಕೆ ಹಾಕಬೇಡಿ, ಅರ್ಧ ರೋಲಿಗೆ ತೆಗೆದಿಡಿ. ಹೆಸರುವಾಸಿ ಕ್ಯಾಮೆರಾ ಕೊಂಡು ರೋಲಿಗೆ ದುಡ್ಡಿಲ್ಲದೆ ಅದನ್ನು ಶೋಕೇಸಿನಲ್ಲಿಟ್ಟವರನ್ನು ಕಂಡು ನನಗೆ ಸಂಕಟವಾಗಿದೆ. ಸಿನಿಮಾ ಫಿಲಂ ಕತ್ತರಿಸಿ ಡಬ್ಬಿಗೆ ಸುತ್ತಿ ಕಡಿಮೆ ಬೆಲೆಗೆ ಮಾರುತ್ತಾರೆ. ಅವುಗಳಲ್ಲಿ ಕೆಲವಕ್ಕೆ ರೆಮ್‌ಜೆಟ್ ಎಂಬ ಕಪ್ಪು ಲೇಪ ಇರುತ್ತದೆ. ಹೇಳದೆ ಮಾಮೂಲಿ ಲ್ಯಾಬಿಗೆ ಕೊಟ್ಟರೆ ಅದು ಅವರ ರಾಸಾಯನಿಕವನ್ನೂ ಯಂತ್ರವನ್ನೂ ಕೆಡಿಸುತ್ತದೆ. ಮಾರುವವರನ್ನು ಕೇಳಿ, ಲ್ಯಾಬಿನವರಿಗೆ ತಿಳಿಸಿ.

ಕಲಿಯುವವರಿಗೆ ನನ್ನ ಆಯ್ಕೆ 400 ಎಎಸ್‌ಎ ಕಪ್ಪು-ಬಿಳುಪು ರೋಲ್. ಕೆಂಟ್‌ಮಿಯರ್ ಅಗ್ಗ, ಇಲ್‌ಫೋರ್ಡ್ ಎಚ್‌ಪಿ5 ಸ್ವಲ್ಪ ದುಬಾರಿ. ಆಷಾಢದ ಮೋಡಕ್ಕೂ ಅದೇ ಸರಿ. ಕಲರ್ ರೋಲ್ ತೊಳೆಯಲು 38 ಡಿಗ್ರಿ ಶಾಖವನ್ನು ಕದಲದಂತೆ ಕಾಯಬೇಕು. ಕಪ್ಪು-ಬಿಳುಪು 20 ಡಿಗ್ರಿಯಲ್ಲಿ ಮನೆಯ ಬಚ್ಚಲಿನಲ್ಲೇ ಆಗುತ್ತದೆ. ಎಚ್‌ಪಿ5ಕ್ಕೆ ಡಿ-76 ಡೆವಲಪರ್ (ಫಿಲಂ ಮೇಲೆ ಚಿತ್ರ ಮೂಡಿಸುವ ರಾಸಾಯನಿಕ) ಮತ್ತೆ ನೀರು ಬೆರೆಸದೆ ಬಳಸಿದರೆ ಏಳೂವರೆ ನಿಮಿಷ. ಏಪ್ರಿಲ್‌ನಲ್ಲಿ ನಮ್ಮ ನಲ್ಲಿ ನೀರು 20 ಡಿಗ್ರಿಗೆ ಎಲ್ಲಿ ಬರುತ್ತದೆ? ಬಕೆಟ್ ನೀರಿಗೆ ಐಸ್ ಹಾಕಿ, ಅದರಲ್ಲಿ ಡೆವಲಪರ್ ಬಾಟಲಿ ಇಳಿಸಿಡಿ. ಥರ್ಮಾಮೀಟರ್ ಒಂದನ್ನು ಕೊಳ್ಳಲೇಬೇಕು.

ಮೈಸೂರಿನಿಂದ ಬಂಡೀಪುರ ದಾಟಿ ಘಾಟಿ ಹತ್ತಿದರೆ ಸಿಗುವ ಊಟಿಯಲ್ಲಿ ಒಂದು ಕಾಲಕ್ಕೆ ಫಿಲಂ ತಯಾರಾಗುತ್ತಿತ್ತು. 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲಂಸ್, 'ಇಂದು' ಹೆಸರಿನ ಕಪ್ಪು-ಬಿಳುಪು ರೋಲುಗಳು. ಆ ಕಾರ್ಖಾನೆ ಮುಚ್ಚಿತು. ಇವತ್ತು ಕೊಡ್ಯಾಕ್, ಇಲ್‌ಫೋರ್ಡ್ ಎಲ್ಲವೂ ಹೊರಗಿನಿಂದ ಬರಬೇಕು, ಡಾಲರು-ಪೌಂಡು ಏರಿದಂತೆ ರೋಲಿನ ಬೆಲೆಯೂ ಏರುತ್ತದೆ. ನಮ್ಮ ಪಕ್ಕದ ಬೆಟ್ಟದ ಮೇಲೆ ಇದ್ದದ್ದನ್ನು ಕಳೆದುಕೊಂಡೆವು ಎಂಬ ನೋವು ನನಗೆ ಇನ್ನೂ ಇದೆ.

ಅದೇ ಗತಿ ರಿಪೇರಿಯವರಿಗೂ ಬರುವುದು ಬೇಡ. ಈ ಕೆಲಸ ಬಲ್ಲವರಲ್ಲಿ ನಾನು ಕಂಡವರೆಲ್ಲ ಅರವತ್ತು ದಾಟಿದವರು, ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಸರ್ವೀಸಿಗೆ ಅವರು ಹೇಳಿದ ದುಡ್ಡು ಕೊಡಿ, ಚೌಕಾಸಿ ಬೇಡ. ಒಪ್ಪಿದರೆ ಪಕ್ಕದಲ್ಲಿ ಕೂತು ನೋಡಿ. ನಿಮ್ಮಲ್ಲಿ ಒಬ್ಬರಿಗಾದರೂ ಸ್ಕ್ರೂಡ್ರೈವರ್ ಹಿಡಿಯುವ ಆಸೆ ಹುಟ್ಟಲಿ. ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗ, ಕಲಬುರಗಿ ಕಡೆ ಈಗಲೂ ಫಿಲಂ ಕ್ಯಾಮೆರಾ ರಿಪೇರಿ ಮಾಡುವ ಅಂಗಡಿ ನಿಮಗೆ ಗೊತ್ತಿದ್ದರೆ ಅವರ ಒಪ್ಪಿಗೆ ಕೇಳಿ ನನಗೆ ತಿಳಿಸಿ. ಜಿಲ್ಲಾವಾರು ಪಟ್ಟಿ ಮಾಡುತ್ತಿದ್ದೇನೆ, ಯಾರು ಯಾವ ಕ್ಯಾಮೆರಾ ಬಿಚ್ಚುತ್ತಾರೆ ಎನ್ನುವುದೂ ಸೇರಿ.