ಕುಕ್ಕರಿನ ವಯಸ್ಸು

‘ಪ್ರೆಷರ್ ಕುಕ್ಕರ್ ಎರಡನೆಯ ಮಹಾಯುದ್ಧದಲ್ಲಿ ಸೈನಿಕರಿಗಾಗಿ ಹುಟ್ಟಿದ ಪಾತ್ರೆ’ ಎಂಬ ಸಂದೇಶ ಧಾರವಾಡದ ನಮ್ಮ ಓಣಿಯ ವಾಟ್ಸ್‌ಆಪ್ ಗುಂಪಿನಲ್ಲಿ ವಾರದಿಂದ ಸುತ್ತುತ್ತಿದೆ. ಅದು ಸರಿಯಲ್ಲ. ಫ್ರಾನ್ಸಿನ ಡೆನಿಸ್ ಪಾಪಿನ್ 1679ರಲ್ಲೇ ಲಂಡನ್ನಿನಲ್ಲಿ ಇಂಥ ಪಾತ್ರೆಯನ್ನು ತೋರಿಸಿದ್ದ. ಆಗಿನ್ನೂ ಶಿವಾಜಿ ಮಹಾರಾಜರು ಬದುಕಿದ್ದರು!

ಪಾಪಿನ್ ಬೇಯಿಸಲು ಹೊರಟಿದ್ದು ತೊಗರಿಬೇಳೆಯನ್ನಲ್ಲ, ಗಟ್ಟಿ ಮೂಳೆಗಳನ್ನು. ಮುಚ್ಚಳ ಬಿಗಿದಾಗ ಒಳಗಿನ ಆವಿಯ ಒತ್ತಡ ಏರುತ್ತದೆ. ನೀರು 100 ಡಿಗ್ರಿ ಸೆಲ್ಸಿಯಸ್ ದಾಟಿ ಸುಮಾರು 120ರವರೆಗೂ ಕಾಯುತ್ತದೆ. ಮೂಳೆಯೂ ಮೆತ್ತಗಾಗುವುದು ಅದರಿಂದಲೇ. ಪಾತ್ರೆ ಸಿಡಿಯದಂತೆ ತೂಕ ಹೇರಿದ ಸುರಕ್ಷತಾ ಕವಾಟವನ್ನೂ ಅವನೇ ಅಳವಡಿಸಿದ. ಮೊನ್ನೆ ಹುಬ್ಬಳ್ಳಿಯ ದುರ್ಗದ ಬೈಲಿನಿಂದ ನಾನು ತಂದ ಸೀಟಿ ಆ ತೂಕದ ಮರಿಮಗ. ಗ್ಯಾಸ್ಕೆಟ್ ತರುವುದನ್ನು ಮಾತ್ರ ಮರೆತೆ. ಬೇಳೆ ಇನ್ನೂ ಬೆಂದಿಲ್ಲ.