ಕೋಟಿಗೊಂದು ಡಾಕ್ಟರ್ ಸರ್ಟಿಫಿಕೇಟು

ಕೋಟು ಹಾಕಿಕೊಳ್ಳಲು ಏನು ಬೇಕು? ಚಳಿಯಾಗಬೇಕು, ಅಷ್ಟೆ. ಪ್ಯಾರಿಸ್ಸಿನ ಹೆಂಗಸಿಗೆ ಅಷ್ಟು ಸಾಲುತ್ತಿರಲಿಲ್ಲ. 1800ರ ನವೆಂಬರಿನಲ್ಲಿ ಅಲ್ಲಿನ ಪೊಲೀಸ್ ಸಾಹೇಬರು ಹುಕುಂ ಹೊರಡಿಸಿದರು: ಗಂಡುಡುಗೆ ತೊಡಬೇಕೆನ್ನುವವಳು ಪೊಲೀಸ್ ಕಚೇರಿಗೆ ಬಂದು ಪರ್ಮಿಟ್ ಪಡೆಯತಕ್ಕದ್ದು, ಆರೋಗ್ಯದ ಕಾರಣವಾದರೆ ವೈದ್ಯರ ಸಹಿ ತರತಕ್ಕದ್ದು. ಸಮಾನತೆ ಸಾರಿದ ದೇಶ ರಾಜನ ತಲೆ ಕಡಿದು ಇನ್ನೂ ಎಂಟು ವರ್ಷ ತುಂಬಿರಲಿಲ್ಲ. ಕಿರೀಟ ಹೋದರೆ ಹೋಗಲಿ, ಕೋಟು ಕೈತಪ್ಪಬಾರದು.

ಈ ಗಾಬರಿ ಹಳೆಯದು. 1666ರ ಜೂನ್ 12ರಂದು ಲಂಡನ್ನಿನ ಅರಮನೆಯಲ್ಲಿ ರಾಣಿಯ ಸಖಿಯರು ಕುದುರೆ ಸವಾರಿಯ ಉಡುಗೆಯಲ್ಲಿ ನಿಂತಿದ್ದರು. ಗಂಡಸರ ಹಾಗೇ ಎದೆಯುದ್ದ ಗುಂಡಿ ಹಾಕಿದ ಕೋಟು, ವಿಗ್ಗು, ಅದರ ಮೇಲೊಂದು ಟೋಪಿ. ಕೆಳಗೆ ಲಂಗ ಎಳೆದಾಡುತ್ತಿರದಿದ್ದರೆ ಇವರನ್ನು ಹೆಂಗಸರೆಂದು ಯಾರೂ ಹೇಳಲಾರರು, ನೋಟ ನನಗಂತೂ ಹಿಡಿಸಲಿಲ್ಲ ಎಂದು ನೌಕಾಪಡೆಯ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ ದಿನಚರಿಯಲ್ಲಿ ಮುಖ ಸಿಂಡರಿಸಿದರು. ಬರೆದವರ ತಲೆಯ ಮೇಲೂ ಕಾಸು ಕೊಟ್ಟು ತಂದ ವಿಗ್ಗೇ ಇತ್ತೆನ್ನಿ. ಸೆಪ್ಟೆಂಬರಿನಲ್ಲಿ ಲಂಡನ್ ಸುಟ್ಟು ಬೂದಿಯಾಯಿತು. ಕೋಟಿಗೂ ಬೆಂಕಿಗೂ ಗಂಟು ಹಾಕಲು ಆಗ ಟೀವಿ ಜ್ಯೋತಿಷಿಗಳು ಇರಲಿಲ್ಲ.

ಗಂಡಸು ಮಾಡಿದರೆ ಬೇರೆ ಮಾತು. 1790ರ ದಶಕದಲ್ಲಿ ಇಂಗ್ಲೆಂಡಿನ ಶ್ರೀಮಂತ ಅರ್ಲ್ ಸ್ಪೆನ್ಸರ್ ಬೆಂಕಿಯ ಮುಂದೆ ಚಳಿ ಕಾಯಿಸುತ್ತ ತಮ್ಮ ಕೋಟಿನ ಬಾಲ ಸುಟ್ಟುಕೊಂಡರು ಎಂದೊಂದು ಕಥೆ. ಸುಟ್ಟದ್ದನ್ನು ಕತ್ತರಿಸಿ, ಮೋಟು ಕೋಟಿನಲ್ಲೇ ಓಡಾಡಿದರಂತೆ. ಅದು ಫ್ಯಾಷನ್! ಅವರ ಹೆಸರೇ ಆ ಜಾಕೆಟ್ಟಿಗೆ ನಿಂತಿತು, ಹೆಂಗಸರೂ ಅದನ್ನು ಎದೆಯ ಕೆಳಗಿನವರೆಗೆ ಮೋಟು ಮಾಡಿ ತೊಟ್ಟರು. ನಮ್ಮ ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಎಷ್ಟು ಸುಟ್ಟಿಲ್ಲ, ಯಾರೂ ಹೆಸರಿಡಲಿಲ್ಲ.

ಮತ್ತೆ ಪ್ಯಾರಿಸ್ಸಿಗೆ. ಚಿತ್ರಕಲಾವಿದೆ ರೋಸಾ ಬೊನೂರ್‌ಗೆ ಕುದುರೆ, ಎತ್ತು ಬರೆಯಲು ಸಂತೆಗೂ ಕಸಾಯಿಖಾನೆಗೂ ಹೋಗಬೇಕಿತ್ತು. ಆ ರಾಡಿಯಲ್ಲಿ ಲಂಗ ಎತ್ತಿ ಹಿಡಿಯುವುದೋ, ಬ್ರಷ್ ಹಿಡಿಯುವುದೋ? 1857ರಲ್ಲಿ ಅವರಿಗೆ ಸಿಕ್ಕ ಪರ್ಮಿಟ್ ಇಂದಿಗೂ ಇದೆ. ಆರು ತಿಂಗಳ ವಾಯಿದೆ, ನಮ್ಮ ಹಳೆಯ ಸ್ಕೂಟರಿನ ಎಮಿಷನ್ ಟೆಸ್ಟಿನ ಹಾಗೆ. ಜೊತೆಗೊಂದು ಷರತ್ತು: ನಾಟಕಕ್ಕೆ, ನೃತ್ಯಕೂಟಕ್ಕೆ ಈ ವೇಷದಲ್ಲಿ ಹೋಗಕೂಡದು. ಅಂದರೆ ಎತ್ತಿನ ಮುಂದೆ ಅಡ್ಡಿಯಿಲ್ಲ. ಎತ್ತಿಗೆ ಕಾಮನ್‌ಸೆನ್ಸ್ ಇದೆ.

ಆಮೇಲೆ ಸೈಕಲ್ ಬಂತು. ಸರ್ಕಾರದ ಮನಸ್ಸು ಕರಗಿತು. ಕೈಯಲ್ಲಿ ಸೈಕಲ್ಲಿನ ಹ್ಯಾಂಡಲೋ ಕುದುರೆಯ ಲಗಾಮೋ ಇದ್ದರೆ ಹೆಂಗಸು ಪ್ಯಾಂಟು ತೊಟ್ಟರೆ ತಪ್ಪಿಲ್ಲ ಎಂದು 1892, 1909ರ ಸುತ್ತೋಲೆಗಳು ವಿನಾಯಿತಿ ಕೊಟ್ಟವು. ಹ್ಯಾಂಡಲ್ಲಿಗೆ ಸೈಕಲ್ ಅಂಟಿರಲೇಬೇಕೇ ಎಂದು ಕೇಳುವ ಒಬ್ಬ ಮಂಡ್ಯದ ಲಾಯರು ಅಲ್ಲಿ ಇರಬೇಕಿತ್ತು.

1966ರಲ್ಲಿ ಫ್ಯಾಷನ್ ವಿನ್ಯಾಸಕ ಈವ್ ಸಾಂ ಲೊರಾಂ ಪ್ಯಾರಿಸ್ಸಿನಲ್ಲೇ ಗಂಡಸರು ಸಂಜೆಯ ಔತಣಕ್ಕೆ ತೊಡುವ ಟಕ್ಸೀಡೋ ಕೋಟನ್ನೂ ಪ್ಯಾಂಟನ್ನೂ ಹೆಂಗಸರ ಅಳತೆಗೆ ಹೊಲಿದು 'ಲೆ ಸ್ಮೋಕಿಂಗ್' ಎಂದು ಮಾರಿದರು. ಹುಕುಮಿನ ಲೆಕ್ಕದಲ್ಲಿ ಅಂಗಡಿಯಲ್ಲಿ ಟೈಲರ್ ಪಕ್ಕ ಒಬ್ಬ ಡಾಕ್ಟರೂ ಕೂರಬೇಕಿತ್ತು.

2013ರ ಜನವರಿ 31ರಂದು ಮಹಿಳಾ ಹಕ್ಕುಗಳ ಸಚಿವೆ, ಈ ಹುಕುಂ ತಾನಾಗಿಯೇ ರದ್ದಾಗಿಹೋಗಿದೆ, ಉಳಿದಿರುವುದು ಹಳೆಯ ಕಡತ ಮಾತ್ರ ಎಂದು ಬರೆದುಕೊಟ್ಟರು. ಅಷ್ಟರೊಳಗೆ ಪ್ಯಾರಿಸ್ಸಿನ ರ‍್ಯಾಂಪುಗಳ ಮೇಲೆ ಕೋಟು ಪ್ಯಾಂಟು ತೊಟ್ಟು ನಡೆದುಹೋದ ಹುಡುಗಿಯರೆಷ್ಟೋ. ಒಬ್ಬಳ ಕೈಯಲ್ಲೂ ಹ್ಯಾಂಡಲ್ ಇರಲಿಲ್ಲ.