ಬೇಲಿ ಕತ್ತರಿಸಿದ ಸಿಸ್ಟರ್

ಧರ್ಮಗುರುಗಳು ವೇದಿಕೆ ಹತ್ತಿ ವಿಶ್ವಶಾಂತಿ ಅಂದ ಕೂಡಲೇ ನನಗೆ ಆಕಳಿಕೆ ಬರುತ್ತದೆ. ಅಣುಬಾಂಬ್ ಬೇಡ ಅನ್ನೋಕೆ ಏನು ಖರ್ಚು, ಅಲ್ವಾ? ಆದರೆ ಅಮೆರಿಕದ ಕ್ಯಾಥೊಲಿಕರಲ್ಲಿ ಹಾಗೆ ಹೇಳಿ ಸುಮ್ಮನಾಗದ ಒಂದು ಸಣ್ಣ ಗುಂಪಿದೆ.

ಟೆನೆಸಿಯ ಓಕ್ ರಿಡ್ಜ್‌ನಲ್ಲಿ ವೈ-12 ಅಂತ ಒಂದು ಸ್ಥಾವರ. ಹಿರೋಷಿಮಾ ಬಾಂಬಿನ ಯುರೇನಿಯಂ ತಯಾರಾಗಿದ್ದು ಅಲ್ಲೇ. ಬಾಂಬಿಗೆ ಬೇಕಾದ ಯುರೇನಿಯಂ ಈಗಲೂ ರಾಶಿಗಟ್ಟಲೆ ಅಲ್ಲಿದೆ. 2012ರ ಜುಲೈ 28ರಂದು, ಇನ್ನೂ ಬೆಳಕು ಹರಿಯುವ ಮೊದಲೇ, ಮೂವರು ಬೇಲಿಗಳನ್ನು ಕತ್ತರಿಸಿಕೊಂಡು ಒಳಗೆ ಹೋದರು. ಒಬ್ಬರು ಕ್ಯಾಥೊಲಿಕ್ ಸನ್ಯಾಸಿನಿ, ಸಿಸ್ಟರ್ ಮೇಗನ್ ರೈಸ್. ವಯಸ್ಸು 82. ಆಫ್ರಿಕಾದಲ್ಲಿ ದಶಕಗಟ್ಟಲೆ ಪಾಠ ಹೇಳಿದ ಟೀಚರ್. ದಾಸ್ತಾನು ಕಟ್ಟಡದ ಗೋಡೆಗೆ ರಕ್ತ ಚೆಲ್ಲಿದರು, ಘೋಷಣೆ ಬರೆದರು, ಸುತ್ತಿಗೆಯಿಂದ ಒಂದಿಷ್ಟು ಕುಟ್ಟಿದರು. ಕಾವಲಿನವನು ಬಂದಾಗ ಓಡಲಿಲ್ಲ. ಅವನಿಗೇ ಬ್ರೆಡ್ ಕೊಡಲು ಹೋದರು! ಭದ್ರತೆಗೆ ಅಷ್ಟು ಹೆಸರಾದ ಜಾಗಕ್ಕೆ ಅಜ್ಜಿಯೊಬ್ಬರು ನಡೆದುಕೊಂಡೇ ಹೋಗಿದ್ದರು.

ವಿಧ್ವಂಸಕ ಕೃತ್ಯ ಅಂತ ಕೇಸು ಬಿತ್ತು. 35 ತಿಂಗಳ ಸಜೆ. ನನಗೆ ದಯೆ ತೋರಿಸಬೇಡಿ ಅಂತ ಅವರೇ ನ್ಯಾಯಾಧೀಶರನ್ನು ಕೇಳಿಕೊಂಡಿದ್ದರು. 2015ರಲ್ಲಿ ಮೇಲಿನ ಕೋರ್ಟು ಆ ಆರೋಪವನ್ನು ತಳ್ಳಿಹಾಕಿತು, ಹೊರಗೆ ಬಂದರು.

ಈ ದಾರಿ ಶುರುವಾಗಿದ್ದು 1980ರಲ್ಲಿ. ಪಾದ್ರಿ ಡೇನಿಯಲ್ ಬೆರಿಗನ್, ಅವರ ತಮ್ಮ ಫಿಲಿಪ್, ಜೊತೆಗೆ ಇನ್ನೂ ಆರು ಜನ ಪೆನ್ಸಿಲ್ವೇನಿಯಾದ ಕಾರ್ಖಾನೆಯೊಂದಕ್ಕೆ ನುಗ್ಗಿ ಅಣ್ವಸ್ತ್ರ ಸಿಡಿತಲೆಯ ಮೂತಿಗಳನ್ನು ಬಡಿದು ಹಾಕಿದರು. ಕತ್ತಿಗಳನ್ನು ಬಡಿದು ನೇಗಿಲ ಗುಳ ಮಾಡುವರು ಅಂತ ಬೈಬಲಿನಲ್ಲಿ ಯೆಶಾಯ ಹೇಳುತ್ತಾನಲ್ಲ, ಅದನ್ನು ಇವರು ಅಕ್ಷರಶಃ ತೆಗೆದುಕೊಂಡರು.

ರಕ್ತ ಚೆಲ್ಲುವುದು ನನಗೆ ಹಿಡಿಸುವುದಿಲ್ಲ, ಸ್ವಲ್ಪ ನಾಟಕ ಜಾಸ್ತಿ ಅನ್ನಿಸುತ್ತದೆ. ಇದರಿಂದ ಒಂದು ಬಾಂಬೂ ಕಮ್ಮಿಯಾಗಲಿಲ್ಲ ಅನ್ನುವವರ ಮಾತನ್ನೂ ತಳ್ಳಿಹಾಕಲಾರೆ. ಆದರೆ ಅವರದೇ ಚರ್ಚನ್ನು ನೋಡಿ. ಶತ್ರುವನ್ನು ಹೆದರಿಸಲು ಬಾಂಬ್ ಇಟ್ಟುಕೊಳ್ಳುವುದನ್ನು ಸದ್ಯಕ್ಕೆ ಒಪ್ಪಬಹುದು, ನಿಶ್ಶಸ್ತ್ರೀಕರಣದ ಕಡೆ ಹೋಗುತ್ತಿದ್ದರೆ ಸಾಕು ಅಂತ 1982ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಹೇಳಿದ್ದರು. ಇಟ್ಟುಕೊಳ್ಳುವುದೇ ತಪ್ಪು ಅಂತ ಪೋಪ್ ಫ್ರಾನ್ಸಿಸ್ ಹೇಳಿದ್ದು 2017ರಲ್ಲಿ. ಅಷ್ಟೊತ್ತಿಗೆ ಆ ಮಾತು ಹೇಳಿ ಅದೆಷ್ಟೋ ಭಕ್ತರು ಜೈಲು ಕಂಡು ಬಂದಿದ್ದರು. ಪೀಠ ಬದಲಾಗಿದ್ದು ಇವರಿಂದಲೇ ಅಂತ ನಾನು ಹೇಳುತ್ತಿಲ್ಲ. ಆದರೆ ಇವರು ಪೀಠಕ್ಕಾಗಿ ಕಾಯಲಿಲ್ಲ.

ಅದೇ 2017ರಲ್ಲಿ ಅಣ್ವಸ್ತ್ರ ನಿಷೇಧ ಒಪ್ಪಂದಕ್ಕೆ ವ್ಯಾಟಿಕನ್ ಮೊದಲ ದಿನವೇ ಸಹಿ ಹಾಕಿತು. ಬಾಂಬ್ ಇರುವ ಯಾವ ದೇಶವೂ ಹಾಕಿಲ್ಲ, ಭಾರತವೂ ಅಷ್ಟೇ. ಯುರೇನಿಯಂ ಘಟಕ ನಮ್ಮ ಮೈಸೂರಿನ ಪಕ್ಕದ ರತ್ನಹಳ್ಳಿಯಲ್ಲೂ ಇದೆ. ಬೇಲಿ ಕತ್ತರಿಸುವುದು ಬೇಡ ಬಿಡಿ. ನಮ್ಮ ಮಠ, ಚರ್ಚು, ಮಸೀದಿಗಳಲ್ಲಿ ಯಾರಾದರೂ ಇದರ ಬಗ್ಗೆ ಒಂದು ಪ್ರಶ್ನೆ ಕೇಳಿದ್ದಾರಾ? ಗೊತ್ತಿದ್ದರೆ ಹೇಳಿ, ನಿಜವಾಗಿಯೂ ಕೇಳುತ್ತಿದ್ದೇನೆ.